ಬೊಮ್ಮಯ್ಯನವರ ಸಾಲು

ದಿಂಡಿಗಲ್ಲಿನ ಅಚ್ಚುಕೆಲಸಗಾರರ ಸಂಘದ ಚರಿತ್ರೆ ಬರೆಯಲು ಒಪ್ಪಿಕೊಂಡಾಗ, ಪುರಾವೆಯಿಲ್ಲದ ಒಂದು ಹೆಸರನ್ನೂ ಸೇರಿಸಬಾರದೆಂದು ನಿರ್ಧರಿಸಿದ್ದೆ. ನಾನು ಭೌತಶಾಸ್ತ್ರ ಕಲಿಸುವವನು.

ಆ ಸಂಘದಲ್ಲಿ ಪ್ರತಿ ಸದಸ್ಯನ ಹೆಸರನ್ನೂ ಸೀಸದ ಅಚ್ಚುಮೊಳೆಗಳಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಒಂದು ತಟ್ಟೆಯಲ್ಲಿಡುತ್ತಿದ್ದರು. ಸದಸ್ಯ ತೀರಿಕೊಂಡರೆ ಸಾಲು ಬಿಡಿಸಿ, ಮೊಳೆಗಳನ್ನು ಮತ್ತೆ ಅಕ್ಷರದ ಖಾನೆಗಳಿಗೆ ಹಾಕುತ್ತಿದ್ದರು. ದಾಖಲೆ ಪುಸ್ತಕವನ್ನು ಗೆದ್ದಲು ತಿಂದಿತ್ತು.

ಒಂದು ಮಧ್ಯಾಹ್ನ ಸಂಘದ ಕಚೇರಿಗೆ ಚಿನ್ನಾಳಪಟ್ಟಿಯಿಂದ ವೆಳ್ಳೈಯಮ್ಮಾಳ್ ಎಂಬ ವಯಸ್ಸಾದ ವಿಧವೆ ಬಂದರು. "ನಮ್ ಯಜಮಾನ್ರು ಬೊಮ್ಮಯ್ಯ ಈ ಸಂಗ ಕಟ್ಟೋಕೇಂತ ಕೆಲಸಾನೇ ಬಿಟ್ಟೋರು, ತಂಬಿ. ನಿನ್ ಪುಸ್ತಕದಾಗೂ ಇಲ್ದಿದ್ರೆ ಅವ್ರು ಎಲ್ಲೂ ಇಲ್ಲ."

"ಪುರಾವೆ ಬೇಕಲ್ಲಮ್ಮಾ," ಎಂದೆ.

ಪಕ್ಕದ ಬೀಗ ಹಾಕಿದ ಕೋಣೆಯಲ್ಲಿ ಸೀಸಕ್ಕೆ ಸೀಸ ತಾಗುವ ಸದ್ದು ಕೇಳಿಸಿ, ನಿಂತಿತು. ಬೀಗ ತೆಗೆದೆ. ಯಾರೂ ಇರಲಿಲ್ಲ, ಹಸಿ ಶಾಯಿಯ ವಾಸನೆಯಿತ್ತು. ವರ್ಷಗಳಿಂದ ಬರಿದಾಗಿದ್ದ ತಟ್ಟೆಯಲ್ಲಿ ಬೊಮ್ಮಯ್ಯನವರ ಹೆಸರಿನ ಒಂದೇ ಸಾಲು. ಮೊಳೆಗಳೆಲ್ಲ ತಣ್ಣಗಿದ್ದವು, ಕೊನೆಯದೊಂದು ಮಾತ್ರ ಬೆಚ್ಚಗಿತ್ತು. ಜೋಡಿಸುವವರು ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಆ ಕೊನೆಯ ಮೊಳೆಯನ್ನೇ.

ನಾನು ಥರ್ಮಾಮೀಟರ್ ತರಲು ಹೊರಟೆ.

"ಕಾಯ್ಚಲು-ಜ್ವರ ಬಂದಿರೋದು ಅಚ್ಚಿಗೋ ನಿಂಗೋ?" ಎಂದು ನಕ್ಕ ವೆಳ್ಳೈಯಮ್ಮಾಳ್ ಆ ಮೊಳೆಯ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಪುಸ್ತಕದಲ್ಲಿ ಬೊಮ್ಮಯ್ಯನವರ ಹೆಸರಿದೆ. ಪುರಾವೆ ನಮೂದಿಸುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಎಂಟು ತಿಂಗಳಾಯಿತು. ವೆಳ್ಳೈಯಮ್ಮಾಳ್ ಪ್ರತಿ ಮಂಗಳವಾರ ಬಂದು ಆ ಮೊಳೆಯ ಮೇಲೆ ಹೆಬ್ಬೆರಳಿಡುತ್ತಾರೆ. ಇಂದು ಬೆಳಿಗ್ಗೆ, ಅವರು ಬರುವ ಮೊದಲು ಅಳೆದೆ: ಕೋಣೆಯ ಉಷ್ಣತೆ ಇಪ್ಪತ್ತೊಂಬತ್ತು ಡಿಗ್ರಿ, ಆ ಮೊಳೆಯದು ಮೂವತ್ತಾರು.