ಒಳಗಿನ ಬಸ್ಸು

ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ಗೋಡೆಗೊರಗಿತ್ತು. ಒಳಗೆ ಇಟ್ಟಿಗೆಯಷ್ಟು ಜಾಗ ಖಾಲಿ. ಗೇಮಿನ ಚಿತ್ರ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಮಾಯವಾಗಿತ್ತು.

ಶಿರಾದ ಹೆಡ್ ಕಾನ್‌ಸ್ಟೆಬಲ್ ಸುನಿತಾ ಬಗ್ಗಿ ನೋಡಿದಳು. ಎಳೆದು ಕಿತ್ತ ಗುರುತಿಲ್ಲ. ಬಿಚ್ಚಿದ ಸ್ಕ್ರೂಗಳು ಸ್ಟೀಲ್ ಬಟ್ಟಲಲ್ಲಿ ಜೋಪಾನವಾಗಿದ್ದವು.

"ಯಾರದು ಇದು?"

"ನಮ್ಮ ಯಜಮಾನರದು. ಅವರು ತೀರಿಕೊಂಡು ಎಂಟು ತಿಂಗಳಾಯಿತು." ಕಾಲೇಜಿನ ಲೆಕ್ಚರರ್ ಲೋಹಿತಾ ಹಾಜರಿ ಕೂಗುವವಳಂತೆ ಹೇಳಿದಳು. "ಇವತ್ತು ಸಂಜೆ ಎಲ್ಲ ಅಳಿಸಿ ಮಾರೋದಿತ್ತು. ಮಧುಗಿರಿಯ ನವೀನ್ ಕುಮಾರ್ ನಿನ್ನೆ ಬಂದು ನೋಡಿಕೊಂಡು ಹೋಗಿದ್ದರು."

"ಮಾರೋದು ಯಾಕೆ?"

"ಅದರ ಫ್ಯಾನ್ ಸದ್ದು ನೆನೆಸಿಕೊಂಡರೂ ತಡೆಯೋಕಾಗಲ್ಲ."

ಅತ್ತೆ ಶಿವರುದ್ರಮ್ಮ ಬಾಗಿಲಲ್ಲಿ ನಿಂತಿದ್ದರು.

"ನೀವು ಮನೇಲಿರಲಿಲ್ವಾ ಅಮ್ಮ?"

"ಗುಡಿಗೋಗಿದ್ದೆ ಕಣವ್ವ. ಬಾಗ್ಲು ಸುಮ್ಕೆ ಮುಂದಕ್ಕೆಳ್ದಿದ್ದೆ."

* * *

ಸುನಿತಾ ಕರೆಸಿದ್ದಕ್ಕೆ ಗೇಮಿಂಗ್ ಸೆಂಟರಿನ ನವೀನ್ ಕುಮಾರ್ ಬೆವರೊರೆಸುತ್ತ ಬಂದ.

"ಕೊಳ್ಳೋ ಮಾಲು ನಾನ್ಯಾಕೆ ಕದೀಲಿ ಮೇಡಂ?"

"ಕದ್ದರೆ ಪುಕ್ಕಟೆ ಅಲ್ವೇನಪ್ಪ?"

"ಬರೀ ಡಬ್ಬ ಕೊಂಡು ಅದರ ಮೇಲೆ ಹಪ್ಪಳ ಒಣಗಿಸ್ಲಾ? ಅಲ್ಲಾ, ಗೇಮು ಕಮ್ಮಿ ಓಡೋ ಲಿನಕ್ಸ್ ಮಷೀನಿಗೆ ಅಷ್ಟು ದೊಡ್ಡ ಕಾರ್ಡ್ ಯಾಕೆ ಅಂತ ನಾನೇ ತಲೆ ಕೆರ್ಕೊಂಡಿದ್ದೆ."

"ಆ ಕಾರ್ಡ್ ಲಿನಕ್ಸಿಗಲ್ಲ," ಎಂದಳು ಲೋಹಿತಾ. "ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಮಾಡಿಟ್ಟಿದ್ದರು, ವರ್ಚುವಲ್ ಮಷೀನ್. ಕಾರ್ಡನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟು, ಒಳಗೆ ನಮ್ಮೂರ ಕಡೆಯ ರಸ್ತೆಗಳಲ್ಲೇ ಓಡುವ ಬಸ್ಸಿನ ಗೇಮ್ ಆಡುತ್ತಿದ್ದರು."

"ಒಳಗೊಂದಾ?" ನವೀನ್ ಬಾಯಿ ತೆರೆದೇ ಇತ್ತು. ಸುನಿತಾ ಅದನ್ನು ಗಮನಿಸಿದಳು.

"ಕಾರ್ಡಿಲ್ಲದೆ ಹೊರಗಿನ ಕಂಪ್ಯೂಟರ್ ಹತ್ತುತ್ತಾ?"

"ಹತ್ತುತ್ತೆ."

"ಒಳಗಿನದು ಯಾವಾಗ ಓಡಿತು ಅಂತ ನೋಡಬಹುದಾ?"

ಲೋಹಿತಾ ಗುಂಡಿ ಒತ್ತಿದಳು. ಪರದೆಯಲ್ಲಿ ಮೂಡಿದ ದಾಖಲೆಯ ಸಾಲುಗಳ ಮೇಲೆ ಹರಿದ ಬೆರಳು ನಿಂತುಬಿಟ್ಟಿತು.

"ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಶುರು. ಹತ್ತೂ ಹತ್ತಕ್ಕೆ ಬಂದ್. ಎರಡು ನಿಮಿಷ ಬಿಟ್ಟು ಹೊರಗಿನದೂ ಬಂದ್. ನಿನ್ನೆಯೂ ಹೀಗೇ. ಮೊನ್ನೆಯೂ. ಭಾನುವಾರ ಮಾತ್ರ ಇಲ್ಲ... ನಾನು ಇದನ್ನು ಮುಟ್ಟೇ ಇಲ್ಲ."

* * *

ಸುನಿತಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕಳ್ಳನಾಗಿದ್ದರೆ ಪ್ಲಗ್ ಕಿತ್ತು ಓಡುತ್ತಿದ್ದ. ಇವರು ಮೊದಲು ಒಳಗಿನದನ್ನ, ಆಮೇಲೆ ಹೊರಗಿನದನ್ನ ಆರಿಸಿದ್ದಾರೆ. ಒಳಗೊಂದಿದೆ ಅನ್ನೋದೇ ನವೀನ್‌ಗೆ ಗೊತ್ತಿಲ್ಲ. ನೀವು ಕಾಲೇಜಿಗೆ ಹೋದ ದಿನ ಮಾತ್ರ ಅದು ಓಡಿದೆ. ಸ್ಕ್ರೂ ಇಟ್ಟ ಬಟ್ಟಲು ನಿಮ್ಮ ಅಡುಗೆಮನೆಯದು." ದನಿ ತಗ್ಗಿಸಿದಳು. "ಅಮ್ಮಾ, ಮೊದಲು ಒಳಗಿನದನ್ನೇ ಯಾಕೆ ಆರಿಸಿದ್ರಿ?"

ಶಿವರುದ್ರಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತಿದರು.

"ಮಗು ಮಲಗಿಸ್ಬುಟ್ಟು ಆಮ್ಯಾಕೆ ತಾಯಿ ಮಲಗ್ಬೇಕು ಕಣವ್ವಾ ಅಂತಿದ್ದ ನನ್ ಪರಮೇಶ. ಅವ್ನು ಪೆಟ್ಗೆ ಬಿಚ್ದಾಗೆಲ್ಲ ಟಾರ್ಚ್ ಹಿಡೀತಿದ್ದೋಳು ನಾನೇಯ."

"ದಿನಾ ಅರ್ಧ ಗಂಟೆ ಏನು ಮಾಡ್ತಿದ್ರಿ ಅತ್ತೆ?" ಲೋಹಿತಾಳ ದನಿ ಮೊದಲ ಬಾರಿ ಅಲುಗಿತು.

"ನಂಗೆಲ್ಲಿ ಓಡ್ಸಾಕೆ ಬತ್ತದೆ? ಇಂಜಿನ್ ಆನ್ ಮಾಡ್ಕಂಡು ಕೂತಿರ್ತಿದ್ದೆ. ಬರಗೂರು ಗೇಟ್‌ತಾವ ಅವ್ನು ನಿಲ್ಸಿದಂಗೇ ನಿಂತದೆ ಬಸ್ಸು."

ಒಳಕೋಣೆಯ ಟ್ರಂಕಿನಿಂದ ಪರಮೇಶನ ಅಂಗಿ ತಂದರು. ಮಡಿಕೆಯೊಳಗೆ ಕಾರ್ಡಿತ್ತು.

"ಇದೇ ಇಂಜಿನ್ನು ಅಂತಿದ್ದ. ಬಸ್ಸು ಹೋದ್ರೆ ಹೋಗ್ಲಿ, ಇಂಜಿನ್ನಾದ್ರೂ ಉಳೀಲಿ ಅಂತ ತೆಗ್ದೆ. ಬ್ಯಾಡ ಅನ್ನಾಕೆ ನಿನ್ ಮಖ ನೋಡಿ ಬಾಯಿ ಬರ್ಲಿಲ್ಲ ಕಣಮ್ಮ."

"ಇದರಲ್ಲಿ ಅವರದು ಏನೂ ಇಲ್ಲ ಅತ್ತೆ. ಬಸ್ಸು, ರಸ್ತೆ, ಎಲ್ಲ ಡಿಸ್ಕಿನಲ್ಲಿದೆ. ಸಂಜೆ ನಾನು..." ಅಳಿಸುವುದಿತ್ತು ಎನ್ನಲು ಅವಳಿಗಾಗಲಿಲ್ಲ.

ಸುನಿತಾ ದೂರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ನವೀನ್ ಸ್ಕ್ರೂಗಳ ಬಟ್ಟಲನ್ನು ಮುಂದಕ್ಕೆ ಸರಿಸಿದ.

ಕಾರ್ಡ್ ಕೂರಿಸಿದ್ದು ಲೋಹಿತಾ. ಟಾರ್ಚ್ ಹಿಡಿದದ್ದು ಅತ್ತೆ.

ಫ್ಯಾನು ಸದ್ದು ಮಾಡಿತು. ಲೋಹಿತಾ ಕಣ್ಣು ಮುಚ್ಚಿ ತೆರೆದಳು. ಪರದೆಯ ಮೇಲೆ ಬಿಸಿಲು, ಖಾಲಿ ರಸ್ತೆ, ಎಂಟು ತಿಂಗಳಿಂದ ಕಾಯುತ್ತಿದ್ದ ಬಸ್ಸು.

"ಶಿರಾಕ್ಕೆ ಬಿಡಲಾ ಅತ್ತೆ?"

"ನಿಧಾನಕ್ಕೋಗು," ಎಂದ ಶಿವರುದ್ರಮ್ಮ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.