ಬೆನ್ನ ಮೇಲಿನ ಹಾಳೆ

"ಅಲ್ಲಾಡಬೇಡಿ ಮೇಡಂ... ಟೇಪ್ ಕಿತ್ತುಹೋಗುತ್ತೆ!"

ಲೆಕ್ಕದ ಟೀಚರ್ ಉಸಿರು ಬಿಗಿಹಿಡಿದು ನಿಂತಳು. ಅವಳ ಬೆನ್ನಿಗೆ ಬಿಳಿ ಹಾಳೆ ಅಂಟಿಸುತ್ತಿದ್ದವನು ನಾಟಕದ ಮೇಷ್ಟ್ರು. ಅರ್ಧ ವರ್ಷದ ಕೆಲಸಕ್ಕೆ ಬಂದ ತಾತ್ಕಾಲಿಕ ನೌಕರ. ಇಷ್ಟು ದಿನ ಅವನನ್ನು ಕಾರಿಡಾರಿನಲ್ಲಿ ಕಂಡರೂ ಕಾಣದಂತೆ ಹೋಗುತ್ತಿದ್ದಳು. ಇಬ್ಬರೂ ಮಾತಾಡಿದ್ದು ಇವತ್ತೇ ಮೊದಲು.

ಪರೀಕ್ಷೆ ಮುಗಿದಿತ್ತು. ಕೊನೆಯ ವಾರ ಪಾಠ ಬೇಡ, ಮಕ್ಕಳಿಗೆ ಏನಾದರೂ ಚಟುವಟಿಕೆ ಮಾಡಿಸಿ ಎಂದು ಹೆಡ್‌ಮೇಡಂ ಅವನನ್ನು ಕಳಿಸಿದ್ದರು. ಎಲ್ಲರ ಬೆನ್ನಿಗೂ ಒಂದೊಂದು ಹಾಳೆ. ಉಳಿದವರು ಅದರ ಮೇಲೆ ಹೆಸರು ಹಾಕದೆ, ಮನಸ್ಸಿಗೆ ಬಂದ ಒಂದು ಒಳ್ಳೆ ಮಾತು ಬರೀಬೇಕು. ಅಷ್ಟೇ ಆಟ.

"ನನಗ್ಯಾಕೆ ಇದೆಲ್ಲ? ನಾನೇನು ಚಿಕ್ಕ ಹುಡುಗೀನಾ?"

"ನಿಮಗೆ ಯಾರಾದ್ರೂ ಒಳ್ಳೆ ಮಾತು ಹೇಳಿ ಎಷ್ಟು ದಿನ ಆಯ್ತು ಮೇಡಂ?"

ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಒಳ್ಳೆ ಮಾತಿರಲಿ, ಮನೆಯಲ್ಲಿ ಅವಳನ್ನು ನೆಟ್ಟಗೆ ನೋಡಿ ಮಾತಾಡುವವರೂ ಇರಲಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆಯೇ ಅವಳ ಪ್ರಪಂಚ.

ಮಕ್ಕಳು ಕಿಸಿಕಿಸಿ ನಗುತ್ತಾ ಬಂದು ಬರೆದರು. ಬೆನ್ನ ಮೇಲೆ ಪೆನ್ನು ಹರಿದಾಗ ಕಚಗುಳಿಯಾಗುತ್ತಿತ್ತು. 'ಅಯ್ಯೋ, ಇದೇನು ನನಗೆ ನಗು ಬರ್ತಿದೆ!' ಕಡೆಗೆ ಅವನೂ ಹಸಿರು ಸ್ಕೆಚ್ ಪೆನ್ ಹಿಡಿದು ಹಿಂದೆ ಬಂದು ನಿಂತ.

ಅವಳು ಕತ್ತು ತಿರುಗಿಸಿದಳು. ಯಾಕೋ ಅವನನ್ನೇ ನೋಡಿ ನಕ್ಕಳು. ಮನಸಾರೆ, ಹಲ್ಲು ಕಾಣುವ ಹಾಗೆ.

ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊರಗೆ ಬಸ್ಸು ಹಾರ್ನ್ ಮಾಡಿತು. ಅವಳು ಬ್ಯಾಗು ಎತ್ತಿಕೊಂಡು ಓಡಿದಳು. ಹಾಳೆಯ ನೆನಪೇ ಇರಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನವರು ಪಿಸುಗುಟ್ಟಿದರು. ಔಷಧಿ ಅಂಗಡಿಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. 'ನನ್ನನ್ನು ನೋಡಿ ಅಲ್ಲ ಬಿಡು' ಎಂದುಕೊಂಡಳು. ಇವತ್ತು ಅವಳ ಮನಸ್ಸು ಹೂವಿನಷ್ಟು ಹಗುರ.

ಬಾಗಿಲು ತೆರೆದ ಅತ್ತಿಗೆ ಅವಳ ಬೆನ್ನಿಂದ ಹಾಳೆ ಕಿತ್ತಳು. ಅಣ್ಣನಿಗೂ ಕೇಳಲಿ ಅಂತ ದನಿ ಎತ್ತಿ ಓದಿದಳು.

"'ಲೆಕ್ಕ ಚೆನ್ನಾಗಿ ಹೇಳ್ಕೊಡ್ತೀರಿ...' 'ಸ್ವಲ್ಪ ನಗಿ ಮಿಸ್...' ಆಹಾ! ಇದು ಕೇಳ್ರೀ... 'ಗಂಡ ಓಡಿಹೋಗಿದ್ದು ಸರಿ. ನಾನಾಗಿದ್ದರೂ ಓಡುತ್ತಿದ್ದೆ!'"

ಹಸಿರು ಶಾಯಿ. ದಪ್ಪ ದಪ್ಪ ಅಕ್ಷರ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ, "ಊರಿಗೆಲ್ಲ ಗೊತ್ತಿರೋದನ್ನೇ ಬರೆದಿದ್ದಾರೆ ಬಿಡು" ಎಂದ.

ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹಸಿರು ಪೆನ್ ಇದ್ದದ್ದು ಯಾರ ಕೈಯಲ್ಲಿ? ಅಷ್ಟು ಮೆತ್ತಗೆ ಮಾತಾಡಿದವನು... ಅವಳನ್ನು ನಗಿಸಿದವನು... ಅವನೇ!

ಮರುದಿನ ಅವಳು ಅಳಲಿಲ್ಲ. ನೇರ ಹೆಡ್‌ಮೇಡಂ ಮೇಜಿನ ಮೇಲೆ ಹಾಳೆ ಇಟ್ಟಳು. ನಾಟಕದ ಮೇಷ್ಟ್ರನ್ನು ಕರೆಸಿದರು. ಸ್ಟಾಫೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿತ್ತು.

"ಇದನ್ನ ಬರೆದಿದ್ದು ನೀವೇನಾ?"

ಅವನು ಹಾಳೆ ನೋಡಿದ. ಅವಳನ್ನು ನೋಡಿದ.

"ಹೇಳಿ ಮೇಷ್ಟ್ರೇ!" ಅವಳೇ ಕಿರುಚಿದಳು. "ನಾಟಕ ಆಡೋಕೆ ಬರುತ್ತೆ, ಮಾತಾಡೋಕೆ ಬರಲ್ವಾ? ನಿಮ್ಮಂಥೋರನ್ನ ಯಾವ ಶಾಲೆಯವರೂ ಯಾಕೆ ಇಟ್ಕೊಳ್ಳಲ್ಲ ಅಂತ ಈಗ ಗೊತ್ತಾಯ್ತು. ಮಕ್ಕಳ ಹತ್ತಿರ ಬರೋ ಯೋಗ್ಯತೆ ಇಲ್ಲ ನಿಮಗೆ!"

ಹೆಡ್‌ಮೇಡಂ ಅವನನ್ನು ಅಲ್ಲಿಯೇ ಕೆಲಸದಿಂದ ತೆಗೆದರು. ಅನುಭವ ಪತ್ರವನ್ನೂ ಕೊಡುವುದಿಲ್ಲ ಎಂದರು. ಅವನು ತಲೆ ತಗ್ಗಿಸಿ ಗೇಟು ದಾಟಿದ. ಅವಳ ಎದೆ ತಣ್ಣಗಾಯಿತು. ಹೌದು, ನಾಚಿಕೆಯಿಲ್ಲದೆ ತಣ್ಣಗಾಯಿತು!

ಶಾಲೆಯ ಕಡೆಯ ದಿನ ಎಲ್ಲ ಮಕ್ಕಳೂ ಅಪ್ಪಿಕೊಂಡು ಅಳುತ್ತಿದ್ದರು. ಕ್ಲಾಸ್ ಲೀಡರ್ ಹುಡುಗಿಯೊಬ್ಬಳು ಮಾತ್ರ ಬೆಂಚಿನಲ್ಲೇ ಕೂತಿದ್ದಳು.

"ಮಿಸ್, ಅದನ್ನ ಬರೆದಿದ್ದು ನಾನು."

"ಏನಂದೆ?"

"ಬರೆದು ಮುಗಿಸಿದಾಗ ಮೇಷ್ಟ್ರು ನೋಡಿ ಪೆನ್ ಕಿತ್ಕೊಂಡ್ರು. ಅವರು ನನ್ನ ಹೆಸರು ಹೇಳ್ತಾರೆ ಅಂತ ದಿನಾ ಹೆದರ್ತಿದ್ದೆ. ಹೇಳಲೇ ಇಲ್ಲ."

"ಯಾಕೆ... ಯಾಕಮ್ಮಾ ಬರೆದೆ?"

ಹುಡುಗಿಯ ಕಣ್ಣಲ್ಲಿ ನೀರಿರಲಿಲ್ಲ. "ನಮ್ಮಪ್ಪ ಜೈಲಿಗೆ ಹೋದಾಗ, ನಾನು ಕಾಪಿ ಹೊಡೆದೆ ಅಂತ ನೀವು ಕ್ಲಾಸಿನ ಮುಂದೆ ಏನಂದ್ರಿ? 'ರಕ್ತದಲ್ಲೇ ಬಂದಿದೆ' ಅಂದ್ರಿ. ನಾನು ಕಾಪಿ ಹೊಡೆದಿರಲಿಲ್ಲ ಮಿಸ್."

ಆ ಮಾತು ಆಡಿದ್ದು ನಿಜ. ಆಡಿ ಮರೆತದ್ದೂ ನಿಜ. ಅವಳು ಕೈ ಹಿಡಿಯಲು ಹೋದಳು. ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡು ಹೊರಟುಹೋದಳು.

ಹುಡುಗಿಯ ಹೆಸರು ಎತ್ತದೆ, ಮೇಷ್ಟ್ರ ತಪ್ಪಿಲ್ಲ ಎಂದಷ್ಟೇ ಅವಳು ಹೆಡ್‌ಮೇಡಂ ಬಳಿ ಬೇಡಿಕೊಂಡಳು. "ಆಗಿದ್ದು ಆಯ್ತು. ಮುಂದಿನ ವರ್ಷಕ್ಕೆ ಆ ಜಾಗಕ್ಕೆ ಬೇರೆಯವರನ್ನ ತಗೊಂಡಾಯ್ತು" ಎಂದು ಅವರು ಕನ್ನಡಕ ಒರೆಸಿಕೊಂಡರು.

ಅವನು ಸಿಕ್ಕಿದ್ದು ಪೇಟೆಯ ಹಳೇ ನಾಟಕಶಾಲೆಯಲ್ಲಿ. ರಂಗದ ಮೇಲೆ ಮಂಡಿಯೂರಿ ಪರದೆಗೆ ಬಣ್ಣ ಹಚ್ಚುತ್ತಿದ್ದ.

"ಇನ್ನೂ ಏನಾದ್ರೂ ಬೈಯೋದು ಉಳಿದಿದೆಯಾ ಮೇಡಂ?"

"ಹುಡುಗಿ ಹೇಳಿದಳು... ನೀವ್ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಅವಳನ್ನ ಶಾಲೆಯಿಂದ ಓಡಿಸ್ತಿದ್ರು. ನಾನು ಹೇಗೂ ಹೋಗೋನೇ."

"ಆದ್ರೆ ಅವತ್ತೇ ಹಾಳೆ ಕಿತ್ತು ಬಿಸಾಡಬಹುದಿತ್ತಲ್ಲ! ಅದನ್ನ ಹೊತ್ತು ನಾನು ಊರೆಲ್ಲ ನಡೆದೆ. ನಿಮಗೆ ಗೊತ್ತಿತ್ತು!"

ಅವನು ಕುಂಚ ಕೆಳಗಿಟ್ಟ. "ಗೊತ್ತಿತ್ತು. ಕೈ ಚಾಚಿದ್ದೆ. ಅಷ್ಟರಲ್ಲಿ ನೀವು ತಿರುಗಿ ನಕ್ಕುಬಿಟ್ರಿ. ಬಂದಾಗಿನಿಂದ ದೂರದಿಂದ ನೋಡ್ತಿದ್ದೀನಿ, ಒಂದು ಸಲವೂ ನಕ್ಕಿರಲಿಲ್ಲ ನೀವು. ಆ ನಗು ನನ್ನ ಕೈಯಾರೆ ಆರಿಸೋಕೆ ಆಗ್ಲಿಲ್ಲ... ಹೇಡಿ ನಾನು. ನಿಮ್ಮನ್ನ ಹಾಗೇ ಬೀದಿಗೆ ಬಿಟ್ಟೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಎರಡೂ ಆಗದೆ ರಂಗದ ಅಂಚಿನಲ್ಲಿ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

ಅವನು ಬಂದು ಪಕ್ಕದಲ್ಲಿ ಕೂತ. ಸಮಾಧಾನ ಮಾಡಲಿಲ್ಲ. ಅಳು ಮುಗಿಯುವ ತನಕ ಕಾದ.

"ನಾನು ಗಂಡ ಬಿಟ್ಟವಳು" ಎಂದಳು ಅವಳು. ಆ ಮಾತನ್ನು ತನ್ನ ಬಾಯಿಂದ ಯಾರಿಗೂ ಹೇಳಿರಲಿಲ್ಲ. "ಕೆಟ್ಟ ನಾಲಗೆಯವಳು. ಒಂದು ಮಗುವಿನ ಮನಸ್ಸು ಮುರಿದವಳು. ನಿಮ್ಮ ಅನ್ನ ಕಿತ್ಕೊಂಡವಳು."

"ಎಲ್ಲಾ ಗೊತ್ತು."

"ಗೊತ್ತಿದ್ದೂ ಪಕ್ಕದಲ್ಲಿ ಕೂತಿದ್ದೀರಲ್ಲ?"

"ಎದ್ದು ಹೋಗೋಣ ಅಂತ ನೋಡ್ತಿದ್ದೀನಿ. ಆಗ್ತಿಲ್ಲ." ಅವನ ದನಿ ಒಡೆಯಿತು. "ನೀವಂದ್ರೆ ಇಷ್ಟ ಕಣ್ರೀ... ಆದ್ರೆ ಅವತ್ತು ಎಲ್ಲರ ಮುಂದೆ ನೀವಂದ ಮಾತುಗಳು ಇನ್ನೂ ಉರೀತಿವೆ. ಇವತ್ತಿಗೇ ಆರಲ್ಲ."

"ಆರೋ ತನಕ ಬರ್ತೀನಿ."

"ಬಂದಾಗ ನಾನು ಸಿಡುಕಿದ್ರೆ?"

"ಸಿಡುಕಿ. ಓಡಿಹೋಗಬೇಡಿ, ಅಷ್ಟೇ ಸಾಕು."

ಬಣ್ಣ ಮೆತ್ತಿದ ಅಂಗೈಯನ್ನು ಅವನು ಹಿಂಜರಿಯುತ್ತಲೇ ಮುಂದೆ ಚಾಚಿದ. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ಮೆಲ್ಲಗೆ ಮೇಡಂ... ನೋಯುತ್ತೆ."

"ನನಗೂ" ಎಂದಳು. ಹಿಡಿತ ಮಾತ್ರ ಸಡಿಲಿಸಲಿಲ್ಲ.