ಉತ್ತರಕ್ಕೆ ಕಾಯುವ ಹೊತ್ತು

ಬಾಗಿಲು ತಟ್ಟಲಿಲ್ಲ. ಹೊಸ್ತಿಲ ಹೊರಗೆ ತಟ್ಟೆಯಿಟ್ಟು, ಒಮ್ಮೆ ಕೆಮ್ಮಿ, ಅತ್ತೆ ತಮ್ಮ ಹೊಲಿಗೆ ಯಂತ್ರದ ಕಡೆಗೆ ಹೋಗಿಬಿಟ್ಟರು. ಸೊಸೆ ಕೋಣೆಯ ಬಾಗಿಲು ತೆರೆದು ನೋಡಿದರೆ ತಟ್ಟೆಯಲ್ಲಿ ಎರಡು ಲೋಟ ಚಹಾ! ಒಂದು ಅವಳದು. ಇನ್ನೊಂದು ಕೈತಪ್ಪಿ ಬಂದಿರಬೇಕು ಎಂದುಕೊಂಡು ತುಟಿಗಿಟ್ಟವಳು ತಟ್ಟನೆ ಲೋಟ ಇಳಿಸಿದಳು. ಬಾಯಿ ಕಟ್ಟುವಷ್ಟು ಸಿಹಿ. ಅಷ್ಟು ಸಕ್ಕರೆ ಹಾಕಿಸಿಕೊಂಡು ಕುಡಿಯುತ್ತಿದ್ದವನು ಆ ಮನೆಯಲ್ಲಿ ಒಬ್ಬನೇ, ಅವಳ ಗಂಡ. ಅವನು ತೀರಿಕೊಂಡು ಐದನೆಯ ವರ್ಷ ನಡೆಯುತ್ತಿತ್ತು.

ಅತ್ತೆಯನ್ನು ಬೀದಿಯವರು ಟೇಲರಮ್ಮ ಎನ್ನುತ್ತಿದ್ದರು. ಕತ್ತರಿಗಿಂತ ಅವರ ಬಾಯಿಯೇ ಹರಿತ ಎಂಬುದು ಅಳತೆ ಕೊಡಲು ಬಂದವರಿಗೆಲ್ಲ ಗೊತ್ತಿತ್ತು. ಮಗ ಹೋದಮೇಲೆ ಆ ಹರಿತವನ್ನೆಲ್ಲ ಸೊಸೆಯ ಮೇಲೆಯೇ ತಿರುಗಿಸಿದ್ದರು. ಕಾಲಿಟ್ಟ ಗಳಿಗೆ ಸರಿಯಿಲ್ಲ, ಮಗನನ್ನು ನುಂಗಿಕೊಂಡವಳು... ಅನ್ನಬಾರದ್ದೆಲ್ಲ ಅಂದರು. ಅವಳು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಒಂದು ಮಾತು ಕೇಳಬಹುದಿತ್ತು: ಮಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನೀವೆಲ್ಲಿದ್ದಿರಿ? ಹೆತ್ತ ತಾಯಿ ವಾರ್ಡಿನ ಬಾಗಿಲು ದಾಟಿರಲಿಲ್ಲ. ಕೊನೆಗೆ ಅವನ ಮುಖ ತೊಳೆಯಲು ಕರೆದಾಗಲೂ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅದು ಕಲ್ಲೆದೆಯಲ್ಲ, ಹೆದರಿಕೆ ಎಂದು ಸೊಸೆಗೆ ಆಗಲೇ ಅನ್ನಿಸಿತ್ತು. ಹಾಗಾಗಿ ಆ ಮಾತನ್ನು ಅವಳು ಎಂದೂ ಕೇಳಲಿಲ್ಲ.

ಅವನ ಹಾಸಿಗೆಯ ಬಳಿ ಒಬ್ಬ ನರ್ಸ್ ಇದ್ದಳು. ಕೇಳಿಸುತ್ತದೋ ಇಲ್ಲವೋ, ಮುಟ್ಟುವ ಮೊದಲು ಅವನಿಗೆ ಹೇಳುತ್ತಿದ್ದಳು. ಈಗ ಮಗ್ಗುಲು ಬದಲಿಸ್ತೀನಿ, ಈಗ ಬಾಯಿ ಒರೆಸ್ತೀನಿ ಎಂದು. ಸಾಯುತ್ತಿರುವವನನ್ನು ಕೊನೆಯವರೆಗೂ ಮನುಷ್ಯನಾಗಿಯೇ ಇಟ್ಟ ಆ ದನಿಯೇ ಸೊಸೆಯನ್ನು ನರ್ಸಿಂಗ್ ಕಾಲೇಜಿಗೆ ಎಳೆದುಕೊಂಡು ಹೋಯಿತು.

ನರ್ಸಿಂಗ್ ಪದವಿಯೆಂದರೆ ಸೂಜಿ ಚುಚ್ಚುವುದು, ಬಿಳಿ ಬಟ್ಟೆ ತೊಡುವುದು ಎಂದುಕೊಂಡವರೇ ಹೆಚ್ಚು. ಒಳಗೆ ಹೋದವರಿಗೇ ಗೊತ್ತು ಅದರ ಕಟ್ಟುನಿಟ್ಟು. ಮೊದಲೇ ವಿಜ್ಞಾನ ಓದಿರಬೇಕು, ಮೈಕೈ ಗಟ್ಟಿಯಿದೆ ಎಂದು ವೈದ್ಯರು ಬರೆದುಕೊಡಬೇಕು. ಪಾಠ ಒಂದೆರಡು ದಿನ ತಪ್ಪಿದರೆ ಹೇಗೋ ನಡೆದೀತು. ವಾರ್ಡಿನ ಕೆಲಸದಲ್ಲಿ ಒಂದು ಗಂಟೆ ಕಡಿಮೆಯಾದರೂ, ಅದನ್ನು ತುಂಬಿಕೊಡುವ ತನಕ ಪದವಿ ಕೈಗೆ ಬರುವುದಿಲ್ಲ. ಇದೆಲ್ಲ ಇರಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಂಚದ ಮೇಲೊಂದು ರಬ್ಬರ್ ಬೊಂಬೆ ಮಲಗಿರುತ್ತದೆ. ಹುಡುಗಿಯರು ಅದಕ್ಕೆ ಮೌನಿ ಮಾವ ಎಂದು ಹೆಸರಿಟ್ಟಿದ್ದರು. ಆ ಮಾವನಿಗೆ ನಮಸ್ಕಾರ ಹೇಳಬೇಕು, ತಾನು ಯಾರೆಂದು ತಿಳಿಸಬೇಕು, ಏನು ಮಾಡುತ್ತೇನೆಂದು ವಿವರಿಸಿ ಒಪ್ಪಿಗೆ ಕೇಳಬೇಕು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು! ಕಾಯದೆ ಕೈ ಹಾಕಿದರೆ ಅಂಕ ಹೋಯಿತು. ಉಳಿದವರು ನಗು ತಡೆಯಲಾರದೆ ಒದ್ದಾಡುವಾಗ ಇವಳು ಮಾತ್ರ ತಲೆ ಬಾಗಿಸಿ ನಿಜವಾಗಿ ಕಾಯುತ್ತಿದ್ದಳು. ನೋಡುತ್ತಿದ್ದ ಮೇಡಂ ಒಮ್ಮೆ ಕೈ ಉಜ್ಜಿಕೊಂಡು, ನಿನ್ನ ನೋಡಿದ್ರೆ ನನಗೇ ಮೈ ಜುಮ್ಮೆನ್ನುತ್ತೆ ಎಂದಿದ್ದರು.

ಮನೆಯಲ್ಲಿ ಬೊಂಬೆಯೆಲ್ಲಿಂದ ಬರಬೇಕು? ಗಂಡನ ಮಂಚದ ಮೇಲೆ ಒಂದು ಉದ್ದ ದಿಂಬು ಮಲಗಿಸಿ ಅಭ್ಯಾಸ ಮಾಡುತ್ತಿದ್ದಳು. ಬಟ್ಟೆ ಬದಲಿಸುವುದನ್ನು ಕಲಿಯಬೇಕಲ್ಲ, ಅದಕ್ಕೆ ಅವನದೇ ಒಂದು ಅಂಗಿ ತೊಡಿಸಿದ್ದಳು. ದಿನವೂ ಸಂಜೆ ಕಾಲೇಜಿನಿಂದ ಬಂದು, ಬಾಗಿಲು ಹಾಕಿಕೊಂಡು ಅವಳು ಮಾತು ಶುರುಮಾಡಿದರೆ ಹೊರಗೆ ಹೊಲಿಗೆ ಯಂತ್ರ ತಟ್ಟನೆ ನಿಲ್ಲುತ್ತಿತ್ತು. ಅವಳು ಮುಗಿಸುವವರೆಗೂ ಮನೆಯಲ್ಲಿ ಇನ್ನೊಂದು ಸದ್ದಿರುತ್ತಿರಲಿಲ್ಲ. ಇತ್ತೀಚೆಗಂತೂ ಅತ್ತೆಯ ಬೈಗುಳವೂ ನಿಂತಿತ್ತು. ಊಟಕ್ಕೆ ಕರೆಯುವಾಗ ದನಿ ತಗ್ಗಿಸಿ ಕರೆಯುತ್ತಿದ್ದರು, ಒಳಗೆ ಯಾರೋ ಮಲಗಿದ್ದಾರೆ ಎನ್ನುವಂತೆ. ವಯಸ್ಸಾಯಿತು, ಮೆತ್ತಗಾದರು ಎಂದು ಸೊಸೆ ನೆಮ್ಮದಿಪಟ್ಟಿದ್ದಳು. ಎಂಥ ನೆಮ್ಮದಿ! ಈಗ ಆ ಸಿಹಿ ಲೋಟ ಹಿಡಿದು ನಿಂತಾಗ ಅವಳಿಗೆಲ್ಲ ಅರ್ಥವಾಯಿತು: ಒಳಗೆ ಮಲಗಿರುವವನು ಅತ್ತೆಯ ಪಾಲಿಗೆ ಅವರ ಮಗನೇ.

ಅದೇ ವಾರ ಕಾಲೇಜಿನಿಂದ ಸೂಚನೆ ಬಂತು. ಕೊನೆಯ ಅವಧಿಯಷ್ಟೂ ಆಸ್ಪತ್ರೆಯಲ್ಲೇ ಪೂರ್ತಿ ಕೆಲಸ, ಹಾಸ್ಟೆಲಿನಲ್ಲೇ ವಾಸ, ಯಾರಿಗೂ ವಿನಾಯಿತಿಯಿಲ್ಲ. ಹೋಗದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ. ಸೊಸೆ ವಿಷಯ ತಿಳಿಸಿದಾಗ ಟೇಲರಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಹಿಂದಿನಂತೆ ಸಿಡಿಮಿಡಿಗೊಂಡಿದ್ದರೆ ಚೆನ್ನಾಗಿತ್ತು. ಎದ್ದು ಬಂದು ಸೊಸೆಯ ಎರಡೂ ಕೈ ಹಿಡಿದುಕೊಂಡರು. ಐದು ವರ್ಷದಲ್ಲಿ ಅವಳನ್ನು ಅವರು ಮುಟ್ಟಿದ್ದು ಅದೇ ಮೊದಲು.

“ಹೋಗ್ಬೇಡ ಕಣೇ. ನೀನು ಹೋದ್ರೆ ಅವನ ಮಾತು ನಿಂತುಹೋಗುತ್ತೆ.”

ಸೊಸೆಗೆ ಸುಳ್ಳನ್ನು ಬೆಳೆಯಲು ಬಿಟ್ಟವಳು ತಾನೇ ಎನಿಸಿತು. ಅತ್ತೆಯನ್ನು ಕರೆದುಕೊಂಡು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಸಂಜೆಯ ಬೆಳಕಿನಲ್ಲಿ ಅಂಗಿ ತೊಟ್ಟ ದಿಂಬು ಕುತ್ತಿಗೆಯವರೆಗೆ ಹೊದ್ದು ಮಲಗಿತ್ತು.

“ನೋಡಿ ಅತ್ತೆ. ಬರೀ ದಿಂಬು. ನಾನು ಪರೀಕ್ಷೆಗೆ ಓದ್ಕೊಳ್ತಿದ್ದೆ, ಅಷ್ಟೇ.”

“ದಿಂಬು ಅಂತ ನನಗೆ ಗೊತ್ತಿಲ್ವಾ? ಅದನ್ನ ಹೊಲಿದವಳು ನಾನೇ.” ಟೇಲರಮ್ಮ ಹೊಸ್ತಿಲಲ್ಲೇ ನಿಂತು ಹೇಳಿದರು. “ನೀನು ಆಗಬಹುದಾ ಅಂತ ಕೇಳಿ ಸುಮ್ಮನಾಗ್ತೀಯಲ್ಲ, ಆಗ ಅವನು ಹೂಂ ಅಂತಾನೆ. ದಿನಾ ಅಂತಾನೆ. ನಿನಗೆ ಕೇಳ್ಸಲ್ವಾ?”

ಕೇಳಿಸುವುದಿಲ್ಲ ಎಂದು ಸೊಸೆ ಹೇಗೆ ಹೇಳಿಯಾಳು? ಕಾಯುವ ಹೊತ್ತಿನಲ್ಲಿ ಅವಳು ಕಿವಿಗೊಟ್ಟಿದ್ದೇ ಇಲ್ಲ. ಒಳಗೊಳಗೇ ಅಂಕೆ ಎಣಿಸುತ್ತಿದ್ದಳು, ಬೇರೇನೂ ಕೇಳಿಸದಿರಲಿ ಎಂದು.

ನೀವೇ ಮಾತಾಡಿಸಬಹುದಲ್ಲ ಎಂದು ಕೊನೆಗೆ ಕೇಳಿದಳು. ಆ ಒರಟು ಹೆಂಗಸಿನ ಮುಖ ಮಗುವಿನ ಹಾಗೆ ಕುಗ್ಗಿಹೋಯಿತು. ಸೊಸೆ ಕಾಲೇಜಿಗೆ ಹೋದ ಮೇಲೆ ಅದೆಷ್ಟು ಸಲ ಕರೆದಿದ್ದಾರೋ! ಎಷ್ಟು ಕರೆದರೂ ಅವನು ತಮಗೆ ಉತ್ತರ ಕೊಡುವುದಿಲ್ಲ, ಕೋಪ ಇನ್ನೂ ಇಳಿದಿಲ್ಲ ಎಂದರು.

“ಎಲ್ಲಿ ನಿಂತು ಕರೆದ್ರಿ?”

“ಇಲ್ಲೇ... ಬಾಗಿಲಲ್ಲಿ.”

ಸೊಸೆ ಅಳಲಿಲ್ಲ. ಅಳುವ ಹೊತ್ತಲ್ಲ ಅದು ಎಂದು ಅವಳ ವಿದ್ಯೆಯೇ ಅವಳಿಗೆ ಹೇಳಿತು. ಅತ್ತೆಯ ಕೈಗಳನ್ನು ಸೋಪು ಹಚ್ಚಿ ತೊಳೆಸಿದಳು. ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದಿಟ್ಟಳು. ಭುಜ ಹಿಡಿದು ಹೊಸ್ತಿಲು ದಾಟಿಸಿ, ಮಲಗಿದವರ ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿದಳು. ಮೊದಲು ಯಾರು ಅಂತ ಹೇಳಿ, ಆಮೇಲೆ ಏನು ಮಾಡ್ತೀರಿ ಅಂತ ಹೇಳಿ, ಕೇಳಿ, ಆಮೇಲೆ ಕಾಯಿರಿ ಎಂದು ಕಿವಿಯಲ್ಲಿ ಹೇಳಿಕೊಟ್ಟಳು.

ಟೇಲರಮ್ಮ ದಿಂಬಿನ ಕಡೆಗೆ ಬಾಗಿದರು.

“ನಾನು ನಿನ್ನಮ್ಮ. ಆವತ್ತು ಬರ್ಲಿಲ್ಲ... ಈಗ ಬಂದಿದೀನಿ. ಮುಖ ಒರೆಸ್ತೀನಿ ಕಂದ. ಆಗಬಹುದಾ?”

ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಗದ್ದಲ ಅದೇ ಗಳಿಗೆಗೆ ನಿಂತಿತು. ಸೊಸೆ ಅಂಕೆ ಎಣಿಸಲು ಹೊರಟಳು, ಅಂಕೆ ನೆನಪಾಗಲಿಲ್ಲ. ಮಂಚ ಒಮ್ಮೆ ಕಿರುಗುಟ್ಟಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಅತ್ತೆ ಮಾತ್ರ ಕತ್ತು ವಾಲಿಸಿ, ಬಾಯಿ ಅರೆತೆರೆದು, ದೂರದ ಮಾತಿಗೆ ಕಿವಿಗೊಟ್ಟವರಂತೆ ನಿಂತಿದ್ದರು. ಆಮೇಲೆ ಮೆಲ್ಲಗೆ ತಲೆಯಾಡಿಸಿದರು.

“ನಿನ್ನ ಕಳಿಸು ಅಂದ,” ಎಂದರು. “ಓದು ಮುಗಿಸ್ಲಿ, ತಡೀಬೇಡ ಅಂದ.”

ಸೊಸೆಗೆ ತಡೆಯಲಾಗಲಿಲ್ಲ. “ನಿಮಗೇನಂದ್ರು ಅತ್ತೆ?”

ಕ್ಷಮಿಸಿದ ಎಂದು ಒಂದು ಸುಳ್ಳು ಹೇಳಿಕೊಳ್ಳಬಹುದಿತ್ತು. ತಡೆಯುವವರು ಯಾರಿದ್ದರು? ಟೇಲರಮ್ಮ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ದಿಂಬಿನ ತುದಿಯನ್ನು ಹಣೆಯಿಂದ ಕೆನ್ನೆಗೆ ಎನ್ನುವಂತೆ ನಿಧಾನವಾಗಿ ಒರೆಸತೊಡಗಿದರು.

“ನನಗೇನೂ ಅನ್ಲಿಲ್ಲ. ನಾಳೆ ಮತ್ತೆ ಕೇಳ್ತೀನಿ. ನೀನು ಹೋಗಿ ಬಟ್ಟೆಬರೆ ಜೋಡಿಸ್ಕೋ.”